ಕಾರು ಓಡಿಸುವವರ ಅಪಘಾತ ವಿಮೆ: ಕಡ್ಡಾಯವೇ, ಯಾರಿಗೆ, ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ಸುತ್ತಮುತ್ತ ಕಾರು ಇಟ್ಟುಕೊಂಡವರು ವಿಮೆ ನವೀಕರಿಸುವಾಗ ಕೇಳುವ ಪ್ರಶ್ನೆಗಳಿವು. ಕಾಯ್ದೆಯ ಮಾತು ದೇಶಕ್ಕೆಲ್ಲ ಒಂದೇ. ಉದಾಹರಣೆಗಳು ಮಾತ್ರ ನಮ್ಮ ಕಡೆಯವು.

ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದೆ. ಓಡಿಸುವಾಗ ನನಗೇ ಏನಾದರೂ ಆದರೆ ಅದರಲ್ಲಿ ದುಡ್ಡು ಬರುತ್ತದೆಯೇ?

ಬರುವುದಿಲ್ಲ. ಗೊಂದಲವೆಲ್ಲ ಶುರುವಾಗುವುದು ಇಲ್ಲೇ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಕಡ್ಡಾಯ ಮಾಡಿರುವುದು ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಸಾವು, ಗಾಯ, ಆಸ್ತಿ ನಷ್ಟದ ವಿಮೆಯನ್ನು. ವಿಮೆ ಮಾಡಿಸಿದವರು ಒಬ್ಬರು, ಕಂಪನಿ ಇನ್ನೊಬ್ಬರು, ಇವರಿಬ್ಬರನ್ನು ಬಿಟ್ಟವರು ಮೂರನೆಯವರು. ಮಾಲೀಕ ತನಗೆ ತಾನೇ ಮೂರನೆಯವನಾಗಲಾರ. ಕ್ಯಾತ್ಸಂದ್ರ ದಾಟಿದ ಮೇಲೆ ಟೈರು ಸಿಡಿದು ಕಾರು ಡಿವೈಡರ್‌ಗೆ ಗುದ್ದಿತು, ಎದುರಿಗೆ ಬೇರೆ ಗಾಡಿಯೇ ಇರಲಿಲ್ಲ ಎಂದಿಟ್ಟುಕೊಳ್ಳಿ. ಆಗ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಮಾಲೀಕನ ಮನೆಯವರಿಗೆ ಬಿಡಿಗಾಸೂ ಸಿಗುವುದಿಲ್ಲ.

ಇದು ಬರೀ ನಿಯಮದ ಪುಸ್ತಕದ ಮಾತಲ್ಲ. 2014ರಲ್ಲಿ ಅರಸೀಕೆರೆ ಕಡೆಗೆ ಹೊರಟಿದ್ದ ಕಾರೊಂದು ಪಲ್ಟಿಯಾಗಿ ಓಡಿಸುತ್ತಿದ್ದವರು ತೀರಿಕೊಂಡರು. ಮನೆಯವರು 80 ಲಕ್ಷ ರೂಪಾಯಿ ಪರಿಹಾರ ಕೇಳಿದರು. ಅಪಘಾತಕ್ಕೆ ಓಡಿಸಿದವರ ಅತಿವೇಗ, ಅಜಾಗರೂಕತೆಯೇ ಕಾರಣವೆಂದು ಕರ್ನಾಟಕ ಹೈಕೋರ್ಟ್ ಅರ್ಜಿ ತಳ್ಳಿಹಾಕಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದರಲ್ಲಿ ಕೈಹಾಕಲಿಲ್ಲ.

ಹಾಗಾದರೆ ಮಾಲೀಕನಿಗೆ ಇರುವ ವಿಮೆ ಯಾವುದು?

ಪಾಲಿಸಿಯ ಪ್ರೀಮಿಯಂ ಪಟ್ಟಿಯಲ್ಲಿ ‘ಕಂಪಲ್ಸರಿ ಪಿಎ ಟು ಓನರ್ ಡ್ರೈವರ್’ ಎಂಬ ಸಾಲು ಇರುತ್ತದೆ. ಪಿಎ ಅಂದರೆ ಪರ್ಸನಲ್ ಆಕ್ಸಿಡೆಂಟ್. ಏಜೆಂಟರು ಇದನ್ನು ಸಿಪಿಎ ಎನ್ನುತ್ತಾರೆ. ಮೊದಲು ಇದರ ಮೊತ್ತ ಬೈಕಿಗೆ 1 ಲಕ್ಷ, ಕಾರಿಗೆ 2 ಲಕ್ಷ ಇತ್ತು. ಇಷ್ಟು ಸಾಲದೆಂದು 2017ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ವಿಮಾ ನಿಯಂತ್ರಣ ಪ್ರಾಧಿಕಾರ 2018ರ ಸೆಪ್ಟೆಂಬರ್‌ನಲ್ಲಿ ಎಲ್ಲ ವಾಹನಗಳಿಗೂ 15 ಲಕ್ಷ ಎಂದು ನಿಗದಿ ಮಾಡಿ, ವರ್ಷಕ್ಕೆ 750 ರೂಪಾಯಿ ಪ್ರೀಮಿಯಂ ಇಟ್ಟಿತು. 2019ರ ಜನವರಿ 1ರಿಂದ ಇದನ್ನು ಪ್ರತ್ಯೇಕ ಪಾಲಿಸಿಯಾಗಿಯೂ ಕೊಳ್ಳಬಹುದು. ದರವನ್ನು ಆಯಾ ಕಂಪನಿಗೆ ಬಿಟ್ಟಿದ್ದರಿಂದ ಹಲವು ಕಡೆ ಈಗ 300ರಿಂದ 400 ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ.

ಯಾರ ತಪ್ಪು ಎಂಬ ಪ್ರಶ್ನೆ ಇದರಲ್ಲಿ ಬರುವುದಿಲ್ಲ. ಸಿಪಿಎಯ ಬೆಲೆ ಇರುವುದೇ ಅಲ್ಲಿ.

‘ಕಂಪಲ್ಸರಿ’ ಎನ್ನುತ್ತೀರಿ. ಇಲ್ಲದಿದ್ದರೆ ಪೊಲೀಸರು ದಂಡ ಹಾಕುತ್ತಾರೆಯೇ?

ಹಾಕುವುದಿಲ್ಲ. 196ನೇ ಸೆಕ್ಷನ್ನಿನಡಿ ಮೊದಲ ಸಲಕ್ಕೆ 2,000, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ ಇರುವುದು ಥರ್ಡ್ ಪಾರ್ಟಿ ವಿಮೆ ಇಲ್ಲದವರಿಗೆ. ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಸಿಪಿಎ ಕಡ್ಡಾಯ ಬಂದಿರುವುದು ಕಾಯ್ದೆಯಿಂದಲ್ಲ, ವಿಮಾ ನಿಯಮದಿಂದ. ಅಂದರೆ ಪಾಲಿಸಿ ಕೊಡುವಾಗ ಕಂಪನಿ ಕೇಳಬೇಕು, ನೀವು ತೆಗೆದುಕೊಳ್ಳಬೇಕು, ಇಲ್ಲವೇ ವಿನಾಯಿತಿ ಇದೆ ಎಂದು ಘೋಷಿಸಬೇಕು. ರಸ್ತೆಯಲ್ಲಿ ನಿಲ್ಲಿಸಿ ಇದನ್ನು ಯಾರೂ ನೋಡುವುದಿಲ್ಲ. ಸಡಿಲವಾಗಿರುವುದೂ ಅದಕ್ಕೇ.

ವಿನಾಯಿತಿ ಯಾರಿಗೆ?

ಮೂರು ಬಗೆಯವರಿಗೆ. ಬೇರೆ ಕಡೆ ಕನಿಷ್ಠ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರುವವರು, ಇನ್ನೊಂದು ವಾಹನದ ಜೊತೆಗೋ ಪ್ರತ್ಯೇಕವಾಗಿಯೋ ಆಗಲೇ ಸಿಪಿಎ ಇರುವವರು ಮೊದಲ ಬಗೆ. ಕಂಪನಿ, ಟ್ರಸ್ಟ್, ಸಹಕಾರ ಸಂಘದ ಹೆಸರಿನಲ್ಲಿ ನೋಂದಣಿಯಾದ ವಾಹನಗಳದು ಎರಡನೆಯದು. ಸಂಘಕ್ಕೆ ಡಿಎಲ್ ಇರುವುದಿಲ್ಲವಲ್ಲ. ಮೂರನೆಯದು, ಡಿಎಲ್ ಇಲ್ಲದ ಮಾಲೀಕರು. ಹೆಂಡತಿಯ ಹೆಸರಿನಲ್ಲಿ ಕಾರು ತೆಗೆದು, ಆಕೆಗೆ ಡಿಎಲ್ ಇಲ್ಲದೆ ಸಿಪಿಎ ಕಟ್ಟುವುದು ಹಣ ಹೊಳೆಗೆ ಸುರಿದ ಹಾಗೆ. ಹೊತ್ತು ಬಂದಾಗ ಅದು ಸಿಗುವುದಿಲ್ಲ.

ಎಚ್ಚರ ಬೇಕಾದದ್ದು ಮೊದಲ ಬಗೆಯಲ್ಲಿ. ಆನ್‌ಲೈನ್‌ನಲ್ಲಿ ಪ್ರೀಮಿಯಂ ಕಡಿಮೆ ಕಾಣಲಿ ಎಂದು ‘ನನಗೆ ಆಗಲೇ 15 ಲಕ್ಷದ ಪಿಎ ಇದೆ’ ಎಂಬ ಚೌಕಕ್ಕೆ ಟಿಕ್ ಹಾಕಿಬಿಡುವುದುಂಟು. ಹಾಕಿದವರು ನೀವೋ ಏಜೆಂಟೋ, ಘೋಷಣೆ ಮಾತ್ರ ನಿಮ್ಮದು. ಪಾಲಿಸಿ ಕೈಗೆ ಬಂದ ದಿನವೇ ಪ್ರೀಮಿಯಂ ಪಟ್ಟಿಯ ಆ ಸಾಲಿನ ಎದುರು 15,00,000 ಇದೆಯೋ ಸೊನ್ನೆ ಇದೆಯೋ ನೋಡಿ. ಸೊನ್ನೆ ಇದ್ದರೆ ಅದೇ ದಿನ ಪ್ರತ್ಯೇಕ ಸಿಪಿಎ ಕೊಳ್ಳಬಹುದು, ವರ್ಷ ಮುಗಿಯಲಿ ಎಂದು ಕಾಯಬೇಕಾಗಿಲ್ಲ.

ವರ್ಷಕ್ಕೆ 20 ರೂಪಾಯಿಗೆ ಬ್ಯಾಂಕಿನಲ್ಲಿ ಮಾಡಿಸುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು ತೋರಿಸಿ ವಿನಾಯಿತಿ ಪಡೆಯಲಾಗದು. ಅದರ ಮೊತ್ತ 2 ಲಕ್ಷ ಮಾತ್ರ.

ಕಾರು ಅಪ್ಪನ ಹೆಸರಿನಲ್ಲಿದೆ, ಓಡಿಸುವುದು ಮಗ. ಮಗನಿಗೆ ಸಿಪಿಎ ಅನ್ವಯಿಸುತ್ತದೆಯೇ?

ನಮ್ಮ ಕಡೆ ಇದರಷ್ಟು ಸಾಮಾನ್ಯವಾದ ಪರಿಸ್ಥಿತಿ ಇನ್ನೊಂದಿಲ್ಲ. ತೋಟದ ಸಾಲವೋ ಕಾರಿನ ಸಾಲವೋ ಸುಲಭವಾಗಲಿ ಎಂದು ಆರ್‌ಸಿ ತಂದೆಯ ಹೆಸರಿಗೆ. ಕೀಲಿ ಮಗನ ಜೇಬಿನಲ್ಲಿ. ಸಿಪಿಎಗೆ ಮೂರು ಷರತ್ತು ಒಟ್ಟಿಗೇ ಇರಬೇಕು: ಆರ್‌ಸಿಯಲ್ಲಿ ಮಾಲೀಕ ಎಂದು ಹೆಸರಿರಬೇಕು, ಪಾಲಿಸಿಯಲ್ಲೂ ಅದೇ ಹೆಸರಿರಬೇಕು, ಆ ವ್ಯಕ್ತಿಗೆ ಚಾಲ್ತಿಯಲ್ಲಿರುವ ಡಿಎಲ್ ಇರಬೇಕು. ಮಗ ಮೊದಲನೆಯದರಲ್ಲೇ ಹೊರಗೆ.

‘ಎರವಲು ತಂದವನನ್ನು ಮೂರನೆಯವನೆಂದಾದರೂ ಲೆಕ್ಕ ಹಾಕಿ’ ಎಂಬ ವಾದವೂ ನಿಲ್ಲಲಿಲ್ಲ. ಎರವಲು ಬೈಕಿನಲ್ಲಿ ಹೋಗುತ್ತಾ ಎತ್ತಿನ ಗಾಡಿಗೆ ಡಿಕ್ಕಿಯಾಗಿ ಸತ್ತವರ ಪ್ರಕರಣವೊಂದು ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ವಕೀಲರು ಅದನ್ನು ನಿಂಗಮ್ಮ ಪ್ರಕರಣ ಎನ್ನುತ್ತಾರೆ, 2009ರದು. ವಾಹನ ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಂತ ಹಾಗೆ, ಆದ್ದರಿಂದ ತಪ್ಪು ಸಾಬೀತು ಮಾಡದೆ ಪರಿಹಾರ ಪಡೆಯಲು ಆಗ ಇದ್ದ 163ಎ ಸೆಕ್ಷನ್ ಅವನಿಗಿಲ್ಲ ಎಂದು ತೀರ್ಪಾಯಿತು. 2020ರ ರಾಮ್‌ಖಿಲಾಡಿ ಪ್ರಕರಣದಲ್ಲೂ ಇದೇ ತತ್ವ. ಆದರೆ ಅಲ್ಲಿ ಪಾಲಿಸಿಯಲ್ಲಿದ್ದ 1 ಲಕ್ಷ ಪಿಎ ಮೊತ್ತವನ್ನು ಕೋರ್ಟ್ ಕೊಡಿಸಿತು. ಆ ತೀರ್ಪು ಹಿಡಿದು ವಾದಿಸಲು ದಾರಿಯಿದೆ. ಕಂಪನಿಗಳು ಮಾತ್ರ ಮೊದಲ ಸುತ್ತಿನಲ್ಲಿ ‘ನೋಂದಾಯಿತ ಮಾಲೀಕರಲ್ಲ’ ಎಂದೇ ಪತ್ರ ಕೊಡುತ್ತವೆ.

ಮಾಡಬೇಕಾದ್ದು ಇಷ್ಟು. ಮಗನ ಹೆಸರಿನಲ್ಲಿ ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿ. ಅದು ಯಾರ ಕಾರಿಗೂ ಕಟ್ಟುಬಿದ್ದಿರುವುದಿಲ್ಲ. ಬೈಕು, ಬಸ್ಸು, ತೆಂಗಿನ ಮರ, ಎಲ್ಲಿ ಬಿದ್ದರೂ ನಡೆಯುತ್ತದೆ. ಬ್ಯಾಂಕಿನ 20 ರೂಪಾಯಿಯ ಯೋಜನೆಯೂ ಜೊತೆಗಿರಲಿ. 18ರಿಂದ 70 ವರ್ಷದವರು ಸೇರಬಹುದು, ಅವಧಿ ಜೂನ್ 1ರಿಂದ ಮೇ 31. ಮೇ ಕೊನೆಯಲ್ಲಿ ಖಾತೆಯಲ್ಲಿ 20 ರೂಪಾಯಿ ಇಲ್ಲದೆ ವಿಮೆ ಕಡಿದುಹೋಗಿರುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

15 ಲಕ್ಷ ಯಾವುದಕ್ಕೆಲ್ಲ ಸಿಗುತ್ತದೆ? ಕಾಲು ಮುರಿದರೆ?

ಮುರಿದರೆ ಇಲ್ಲ, ಹೋದರೆ ಉಂಟು. ಕೇಳಲು ಕ್ರೂರ, ಆದರೆ ಪಾಲಿಸಿಯ ಲೆಕ್ಕ ಅದೇ. ಸಾವಿಗೆ ಪೂರ್ತಿ ಮೊತ್ತ. ಎರಡು ಕೈಕಾಲು ಹೋದರೆ, ಎರಡೂ ಕಣ್ಣಿನ ದೃಷ್ಟಿ ಹೋದರೆ, ಅಥವಾ ಒಂದು ಕೈಯೋ ಕಾಲೋ ಜೊತೆಗೆ ಒಂದು ಕಣ್ಣು ಹೋದರೆ ಪೂರ್ತಿ. ಒಂದೇ ಕೈ, ಒಂದೇ ಕಾಲು ಅಥವಾ ಒಂದೇ ಕಣ್ಣು ಹೋದರೆ ಅರ್ಧ, ಅಂದರೆ 7.5 ಲಕ್ಷ. ಇವಲ್ಲದೆ ಬೇರೆ ಗಾಯದಿಂದ ಶಾಶ್ವತವಾಗಿ, ಸಂಪೂರ್ಣವಾಗಿ ಅಶಕ್ತರಾದರೆ ಮತ್ತೆ ಪೂರ್ತಿ. ಬೆನ್ನುಹುರಿಗೆ ಪೆಟ್ಟಾಗಿ ಹಾಸಿಗೆ ಹಿಡಿದವರು ಈ ಸಾಲಿನಲ್ಲಿ ಬರುತ್ತಾರೆ. ಸಾವು ಅಥವಾ ಊನ ಅಪಘಾತವಾದ ಆರು ತಿಂಗಳೊಳಗೆ ಸಂಭವಿಸಿರಬೇಕು.

ತೊಡೆಯ ಮೂಳೆಗೆ ರಾಡ್ ಹಾಕಿಸಿ ಎಂಟು ತಿಂಗಳು ಅಂಗಡಿ ಮುಚ್ಚಿದರೆ ಸಿಪಿಎಯಿಂದ ಏನೂ ಬರುವುದಿಲ್ಲ. ಆಸ್ಪತ್ರೆ ಬಿಲ್ಲೂ ಇಲ್ಲ, ತಪ್ಪಿದ ದುಡಿಮೆಯ ಹಣವೂ ಇಲ್ಲ, ಒಂದೆರಡು ಬೆರಳು ಹೋದದ್ದಕ್ಕೂ ಇಲ್ಲ. ಅಪಘಾತದಲ್ಲಿ ಸಾಯುವವರಿಗಿಂತ ಹೀಗೆ ಮೂಲೆ ಸೇರುವವರೇ ಹೆಚ್ಚು. ಸಿಪಿಎಯ ದೊಡ್ಡ ಕೊರತೆ ಇದು. ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿಗಳಲ್ಲಿ ಭಾಗಶಃ ಊನಕ್ಕೂ, ತಾತ್ಕಾಲಿಕ ಅಶಕ್ತತೆಗೆ ವಾರದ ಲೆಕ್ಕದಲ್ಲೂ ಹಣ ಕೊಡುವ ಆಯ್ಕೆಗಳಿರುತ್ತವೆ. ಕೇಳಿ ಹಾಕಿಸಿಕೊಳ್ಳಬೇಕು.

ಆಸ್ಪತ್ರೆ ಖರ್ಚಿಗೆ ಹಾಗಾದರೆ ಏನು ದಾರಿ?

ಆರೋಗ್ಯ ವಿಮೆ ಇದ್ದರೆ ಅದೇ ಮೊದಲು. ಇನ್ನೊಂದು, ಕೇಂದ್ರ ಸರ್ಕಾರ 2025ರ ಮೇ 5ರಂದು ಹೊರಡಿಸಿದ ನಗದುರಹಿತ ಚಿಕಿತ್ಸೆಯ ಯೋಜನೆ. ರಸ್ತೆ ಅಪಘಾತದ ಗಾಯಾಳು ಯಾರೇ ಆಗಿರಲಿ, ತಪ್ಪು ಯಾರದ್ದೇ ಇರಲಿ, ಗುರುತಿಸಿದ ಆಸ್ಪತ್ರೆಯಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ 1.5 ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆ. ಯೋಜನೆಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಿದರೆ ಸ್ಥಿರಗೊಳಿಸುವ ಮಟ್ಟಿಗೆ ಮಾತ್ರ. ಅಪಘಾತವನ್ನು ಪೊಲೀಸರು ದೃಢಪಡಿಸಬೇಕಾದ್ದರಿಂದ ಠಾಣೆಗೆ ಬೇಗ ಮಾಹಿತಿ ಹೋಗಲಿ.

ಇಂಥ ಯೋಜನೆಗೆ ಕರ್ನಾಟಕದಲ್ಲಿ ಮೊದಲು ಹೆಸರು ಕೊಟ್ಟಿದ್ದು ನಮ್ಮ ಜಿಲ್ಲೆಯವರೇ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ, ಸಾಯುವ ಮುನ್ನ ಅಂಗಾಂಗ ದಾನಕ್ಕೆ ಬೇಡಿಕೊಂಡ ಗುಬ್ಬಿ ತಾಲೂಕಿನ ಹರೀಶ್. ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಉಚಿತ ಚಿಕಿತ್ಸೆಯ ‘ಸಾಂತ್ವನ ಹರೀಶ್’ ಯೋಜನೆ ಅದೇ ವರ್ಷ ಬಂತು.

ಕಾರಿನಲ್ಲಿ ಜೊತೆಗೆ ಕೂತ ಮನೆಯವರಿಗೆ, ಸ್ನೇಹಿತರಿಗೆ ರಕ್ಷಣೆ ಇದೆಯೇ?

ಪಾಲಿಸಿ ಯಾವುದು ಎನ್ನುವುದರ ಮೇಲೆ. ಬರೀ ಥರ್ಡ್ ಪಾರ್ಟಿ ಇದ್ದರೆ ಸ್ವಂತ ಕಾರಿನಲ್ಲಿ ಉಚಿತವಾಗಿ ಕೂತವರ ಹೊಣೆ ಕಂಪನಿಯದಲ್ಲ. ಜನ ‘ಫುಲ್ ಇನ್ಶೂರೆನ್ಸ್’ ಎನ್ನುವ ಪ್ಯಾಕೇಜ್ ಪಾಲಿಸಿ ಇದ್ದರೆ ಕೂತವರ ಹೊಣೆಯೂ ಸೇರುತ್ತದೆ. 2009ರಲ್ಲಿ ಪ್ರಾಧಿಕಾರ, 2012ರಲ್ಲಿ ಬಾಲಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿವೆ. ಎಂಟು ವರ್ಷ ಹಳೆಯ ಕಾರಿಗೆ ‘ಇನ್ನು ಥರ್ಡ್ ಪಾರ್ಟಿ ಸಾಕು’ ಎಂದು ಇಳಿಸುವಾಗ ಬಂಪರ್, ಬಾನೆಟ್ಟಿನ ಲೆಕ್ಕವನ್ನಷ್ಟೇ ಹಾಕುತ್ತಾರೆ. ಹಿಂದಿನ ಸೀಟಿನಲ್ಲಿ ಕೂರುವ ತಾಯಿಯ ರಕ್ಷಣೆಯೂ ಅದರ ಜೊತೆಗೇ ಇಳಿಯುತ್ತದೆ.

ಇದಲ್ಲದೆ ಹೆಸರು ಬರೆಯದ ಪ್ರಯಾಣಿಕರಿಗೆ ತಲಾ 2 ಲಕ್ಷದವರೆಗೆ ಪಿಎ ಹಾಕಿಸಬಹುದು. ಹಳೆಯ ದರಪಟ್ಟಿಯ ಲೆಕ್ಕದಲ್ಲಿ ಪ್ರತಿ ಸೀಟಿಗೆ ಲಕ್ಷಕ್ಕೆ 50 ರೂಪಾಯಿ, ಐದು ಸೀಟಿಗೆ ತಲಾ 1 ಲಕ್ಷವಾದರೆ 250. ಸಂಬಳದ ಡ್ರೈವರ್ ಇಟ್ಟುಕೊಂಡಿದ್ದರೆ ಅವನ ಹೊಣೆಗಾರಿಕೆಗೆ ಇನ್ನೊಂದು 50 ರೂಪಾಯಿಯ ಸಾಲಿದೆ. ಇದನ್ನು ಬಿಡಬೇಡಿ. ಡ್ರೈವರ್‌ಗೆ ಏನಾದರೂ ಆದರೆ ಮಾಲೀಕರು ಕೊಡಬೇಕಾದ ನೌಕರರ ಪರಿಹಾರದ ಹಣ ನಿಮ್ಮ ಕೈಯಿಂದಲೇ ಹೋಗಬಹುದು.

ಹೊಸ ಕಾರಿಗೆ ಶೋರೂಮಿನಲ್ಲೇ ಮೂರು ವರ್ಷದ ವಿಮೆ ಮಾಡಿಸಿದ್ದೇವೆ. ಸಿಪಿಎಯೂ ಮೂರು ವರ್ಷವೇ?

ಇರಲೇಬೇಕೆಂದಿಲ್ಲ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷ, ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ಕಡ್ಡಾಯವಾಯಿತು. ಸಿಪಿಎಯನ್ನು ಒಂದೇ ವರ್ಷಕ್ಕೆ ಕೊಳ್ಳಲು ಅವಕಾಶವಿದೆ, ಶೋರೂಮಿನಲ್ಲಿ ಎಷ್ಟೋ ಸಲ ಒಂದೇ ವರ್ಷಕ್ಕೆ ಹಾಕುತ್ತಾರೆ. ಎರಡನೇ ವರ್ಷ ಮಾಲೀಕರು ನಿಶ್ಚಿಂತೆಯಿಂದಿರುತ್ತಾರೆ, ಸಿಪಿಎ ಮುಗಿದಿರುತ್ತದೆ. ಬೈಕಿನಲ್ಲಂತೂ ಮಿಕ್ಕ ನಾಲ್ಕು ವರ್ಷ ಹಾಗೇ ಕಳೆಯುತ್ತದೆ. ಪಾಲಿಸಿಯ ಮೇಲ್ಭಾಗದಲ್ಲಿ ಮೂರು ಅವಧಿಗಳನ್ನು ಬೇರೆ ಬೇರೆಯಾಗಿ ಮುದ್ರಿಸಿರುತ್ತಾರೆ: ಸ್ವಂತ ಹಾನಿ (ನಿಮ್ಮ ವಾಹನಕ್ಕೇ ಆಗುವ ಹಾನಿ), ಥರ್ಡ್ ಪಾರ್ಟಿ, ಪಿಎ. ಮೂರನೆಯದರ ಕೊನೆಯ ದಿನಾಂಕ ಫೋನಿನಲ್ಲಿ ಗುರುತಿಟ್ಟುಕೊಳ್ಳಿ.

ಕಾರು, ಬೈಕು, ಟ್ರ್ಯಾಕ್ಟರ್ ಮೂರೂ ನನ್ನ ಹೆಸರಿನಲ್ಲಿವೆ. ಮೂರಕ್ಕೂ ಕಟ್ಟಬೇಕೇ?

ಬೇಕಿಲ್ಲ. ಒಬ್ಬ ಮಾಲೀಕನಿಗೆ ಒಂದು ಸಿಪಿಎ ಸಾಕು, ಮೂರು ಕಟ್ಟಿದರೆ 45 ಲಕ್ಷ ಬರುತ್ತದೆ ಎಂಬ ಲೆಕ್ಕ ಬೇಡ. ಇಂಥವರಿಗೆ ಪ್ರತ್ಯೇಕ ಸಿಪಿಎ ಪಾಲಿಸಿಯೇ ಚೆನ್ನ. ಒಂದು ವಾಹನದ ಪಾಲಿಸಿಯೊಳಗೆ ಸೇರಿಸಿದ ಸಿಪಿಎ ನಿಮ್ಮ ಬೇರೆ ವಾಹನ ಓಡಿಸುವಾಗಲೂ ನಡೆಯುತ್ತದೆಯೇ ಎಂದು ಕಂಪನಿಯಿಂದ ಬರಹದಲ್ಲಿ ಕೇಳಿಕೊಳ್ಳಿ.

ಟ್ರ್ಯಾಕ್ಟರ್ ವಿಷಯದಲ್ಲಿ ಒಂದು ಮಾತು. ಟ್ರೇಲರಿನಲ್ಲಿ ಕೂತು ಜಾತ್ರೆಗೆ, ಮದುವೆಗೆ ಹೋಗುವವರಿಗೆ ಯಾವ ವಿಮೆಯೂ ಇಲ್ಲ. ಪರಿಹಾರವೆಲ್ಲ ಮಾಲೀಕನ ತಲೆಗೆ ಬಂದು, ಜಮೀನು ಮಾರಿದವರುಂಟು.

ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ, ಇನ್ಶೂರೆನ್ಸ್ ಹಳೆಯ ಮಾಲೀಕರ ಹೆಸರಿನಲ್ಲೇ ಇದೆ. ನಡೆಯುತ್ತದೆಯೇ?

ಥರ್ಡ್ ಪಾರ್ಟಿ ಭಾಗ ಕಾರಿನ ಜೊತೆಗೆ ತಾನಾಗಿಯೇ ಬರುತ್ತದೆ, 157ನೇ ಸೆಕ್ಷನ್ ಹಾಗೆ ಹೇಳುತ್ತದೆ. ಸ್ವಂತ ಹಾನಿ, ಸಿಪಿಎ ಹಾಗೆ ಬರುವುದಿಲ್ಲ. ಕೊಂಡ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿ, ಸಿಪಿಎಯನ್ನು ನಿಮ್ಮ ಹೆಸರಿನಲ್ಲಿ ಹೊಸದಾಗಿ ಮಾಡಿಸಿ. ಆರ್‌ಟಿಒದಲ್ಲಿ ಆರ್‌ಸಿಯೇ ವರ್ಗವಾಗದಿದ್ದರೆ ಮಾಲೀಕ ಎಂಬ ಷರತ್ತೇ ಬಿದ್ದುಹೋಗುತ್ತದೆ. ಕೆಎ 06ರ ಕಾರು ಕೆಎ 40ರವರ ಮನೆಯಲ್ಲಿ ವರ್ಷಗಟ್ಟಲೆ ಹಳೆಯ ಹೆಸರಿನಲ್ಲೇ ಓಡುವುದು ಹೊಸದೇನಲ್ಲ.

ಕ್ಲೇಮ್ ಮಾಡುವಾಗ ಏನೇನು ಬೇಕು? ಎಲ್ಲಿ ಕೆಡುತ್ತದೆ?

ಬೇಕಾದವು: ಕ್ಲೇಮ್ ಅರ್ಜಿ, ಪಾಲಿಸಿ, ಆರ್‌ಸಿ, ಡಿಎಲ್, ಎಫ್‌ಐಆರ್, ಸ್ಥಳ ಮಹಜರು, ಸಾವಾಗಿದ್ದರೆ ಮರಣೋತ್ತರ ಪರೀಕ್ಷೆಯ ವರದಿ ಮತ್ತು ಮರಣ ಪ್ರಮಾಣಪತ್ರ, ಊನವಾಗಿದ್ದರೆ ಸರ್ಕಾರಿ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ನಾಮಿನಿಯ ಗುರುತು ಮತ್ತು ಬ್ಯಾಂಕ್ ವಿವರ. ನಾಮಿನಿ ಹೆಸರಿಲ್ಲದಿದ್ದರೆ ನಾಡಕಚೇರಿಯ ವಂಶವೃಕ್ಷ, ವಾರಸುದಾರರ ಪತ್ರ ಎಂದು ತಿಂಗಳುಗಟ್ಟಲೆ ಎಳೆಯುತ್ತದೆ. ನಾಮಿನಿ ಬರೆಸಲು ಹಿಡಿಯುವುದು ಎರಡು ನಿಮಿಷ.

ಕೆಡುವುದು ಹೆಚ್ಚಾಗಿ ಮೊದಲ ಒಂದೆರಡು ಗಂಟೆಯಲ್ಲೇ. ಪೊಲೀಸ್ ರಗಳೆ ಬೇಡವೆಂದು ಆಸ್ಪತ್ರೆಯಲ್ಲಿ ‘ಮನೆ ಮೆಟ್ಟಿಲಿಂದ ಬಿದ್ದರು’ ಎಂದು ಬರೆಸುತ್ತಾರೆ. ಆ ಒಂದು ಸಾಲು ಮುಂದೆ ಎಲ್ಲ ದಾಖಲೆಗೂ ಅಡ್ಡ ಬರುತ್ತದೆ. ರಸ್ತೆ ಅಪಘಾತ ಎಂದೇ ಹೇಳಿ ಎಂಎಲ್‌ಸಿ, ಅಂದರೆ ಆಸ್ಪತ್ರೆ ಪೊಲೀಸರಿಗೆ ತಿಳಿಸುವ ದಾಖಲೆ, ಮಾಡಿಸಿ. ಇನ್ನೊಂದು, ಓಡಿಸಿದವನಿಗೆ ಡಿಎಲ್ ಇಲ್ಲವೆಂದು ದೂರಿನಲ್ಲಿ ಬೇರೆಯವರ ಹೆಸರು ಕೊಡುವುದು. ಗಾಯದ ಜಾಗ, ಏರ್‌ಬ್ಯಾಗ್, ಟೋಲಿನ ಕ್ಯಾಮೆರಾ ಯಾವುದೋ ಒಂದು ಸುಳ್ಳನ್ನು ಬಿಚ್ಚಿಡುತ್ತದೆ. ಆಮೇಲೆ ಸಿಗಬೇಕಾದ ಥರ್ಡ್ ಪಾರ್ಟಿ ರಕ್ಷಣೆಯೂ ಹೋಗಿ ಕ್ರಿಮಿನಲ್ ಕೇಸು ಉಳಿಯುತ್ತದೆ.

ಕುಡಿದು ಓಡಿಸಿದ್ದರೆ ಸಿಪಿಎ ಇಲ್ಲ. ಆತ್ಮಹತ್ಯೆ, ಬೇಕೆಂದೇ ಮಾಡಿಕೊಂಡ ಗಾಯ, ಅವಧಿ ಮುಗಿದ ಡಿಎಲ್, ಇವಕ್ಕೂ ಇಲ್ಲ. ಡಿಎಲ್ ಅವಧಿ ಮುಗಿದ ಮೇಲೆ ಹಿಂದೆ ಇದ್ದ 30 ದಿನದ ರಿಯಾಯಿತಿಯನ್ನು 2019ರ ತಿದ್ದುಪಡಿ ತೆಗೆದುಹಾಕಿದೆ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಇರುವ ಮಾಲೀಕರು ಎಲ್ ಬೋರ್ಡ್ ಹಾಕಿ, ಪಕ್ಕದಲ್ಲಿ ಡಿಎಲ್ ಇರುವವರನ್ನು ಕೂರಿಸಿಕೊಂಡು ಓಡಿಸಿದ್ದರೆ ಷರತ್ತು ಮುರಿದಂತಾಗುವುದಿಲ್ಲ.

ತಪ್ಪು ಎದುರಿನ ಲಾರಿಯದು. ಆಗಲೂ ಸಿಪಿಎ ಕೇಳಬಹುದೇ?

ಎರಡನ್ನೂ ಕೇಳಬಹುದು. ಸಿಪಿಎ ನಿಮ್ಮ ಕಂಪನಿಯಿಂದ. ಪರಿಹಾರ ಲಾರಿಯ ಕಂಪನಿಯಿಂದ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ 166ನೇ ಸೆಕ್ಷನ್ನಿನಡಿ. ಅಪಘಾತ ಮುಳಬಾಗಿಲಿನಲ್ಲಾಗಿದ್ದರೂ ನೀವಿರುವ ತುಮಕೂರಿನಲ್ಲೇ ಅರ್ಜಿ ಹಾಕಬಹುದು. ಕಾಯ್ದೆಯಲ್ಲಿ ಆರು ತಿಂಗಳ ಗಡುವಿದೆ, ಅದರೊಳಗೇ ಹಾಕಿಬಿಡಿ. ಸತ್ತವರ ಜೀವ ವಿಮೆಯ ಹಣವನ್ನು ಪರಿಹಾರದಿಂದ ಕಳೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ.

ಗುದ್ದಿದ ಗಾಡಿ ಸಿಗದೇ ಹೋದರೆ ಸರ್ಕಾರದ ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಇದೆ.

ಇಷ್ಟೆಲ್ಲ ತೂತುಗಳಿರುವ ವಿಮೆಯನ್ನು ಕಡ್ಡಾಯ ಮಾಡುವುದು ಸರಿಯೇ?

ಸರಿ ಎಂದೇ ನಮ್ಮ ಅಭಿಪ್ರಾಯ. ಆದರೆ ಈಗಿರುವ ರೂಪದಲ್ಲಲ್ಲ.

ಕಡ್ಡಾಯ ಬೇಡ ಎನ್ನುವವರ ವಾದ ಹೀಗಿದೆ: ಬೇರೆಯವರಿಗೆ ಮಾಡುವ ಹಾನಿಗೆ ಬಲವಂತ ಮಾಡಿ, ನನ್ನ ಜೀವ ನನ್ನದು, ಅದಕ್ಕೆ ವಿಮೆ ಬೇಕೋ ಬೇಡವೋ ನಾನು ನೋಡಿಕೊಳ್ಳುತ್ತೇನೆ. ಹೊಟ್ಟೆಬಟ್ಟೆಗೆ ಸಾಕಷ್ಟಿರುವವರ ಬಾಯಲ್ಲಿ ಈ ಮಾತು ಒಪ್ಪುತ್ತದೆ. ಬೇರೆ ಕಡೆ 15 ಲಕ್ಷದ ವಿಮೆ ಇದ್ದರೆ ಅಂಥವರಿಗೆ ವಿನಾಯಿತಿ ಈಗಲೂ ಇದೆ. ಉಳಿದವರಲ್ಲಿ ತಾನು ಸಾಯಬಹುದೆಂದು ಎಣಿಸಿ 350 ರೂಪಾಯಿ ಎತ್ತಿಡುವವರು ಕಡಿಮೆ. ಮ್ಯೂಸಿಕ್ ಸಿಸ್ಟಮ್ಮಿಗೆ ಚೌಕಾಸಿ ಮಾಡದವರೂ ಈ ಸಾಲನ್ನು ತೆಗೆಸುತ್ತಾರೆ. ಜೀವ ಅವರದೇ ಇರಬಹುದು, ಸಾಲದ ಕಂತು ಉಳಿಯುವುದು ಹೆಂಡತಿ ಮಕ್ಕಳ ಮೇಲೆ.

ಹೊರದೇಶಗಳ ಅನುಭವ ಎರಡೂ ಕಡೆ ಇದೆ. ಅಮೆರಿಕದ ಫ್ಲೋರಿಡಾದಲ್ಲಿ ತಪ್ಪು ಯಾರದ್ದೆಂದು ಕೇಳದೆ ಚಿಕಿತ್ಸೆಗೆ 10,000 ಡಾಲರ್ ಕೊಡುವ ವಿಮೆ ಕಡ್ಡಾಯವಾಗಿ ನಡೆದುಬಂದಿದೆ. ಕೊಲೊರಾಡೊ ಅಂಥದ್ದನ್ನೇ 2003ರಲ್ಲಿ ಕೈಬಿಟ್ಟಿತು. ನ್ಯೂಜಿಲೆಂಡ್ 1974ರಿಂದ ಗಾಯಾಳುಗಳ ಖರ್ಚನ್ನು ಸರ್ಕಾರಿ ನಿಧಿಯಿಂದಲೇ ನೋಡಿಕೊಳ್ಳುತ್ತದೆ. ಪೆಟ್ರೋಲಿನ ಮೇಲೆ, ವಾಹನದ ಪರವಾನಗಿ ಶುಲ್ಕದ ಜೊತೆ ಅದಕ್ಕೆಂದೇ ಹಣ ವಸೂಲಾಗುತ್ತದೆ.

ನಮ್ಮಲ್ಲಿ ಬದಲಾಗಬೇಕಾದ ಮೊದಲ ಸಂಗತಿ, ಸಿಪಿಎ ಆರ್‌ಸಿಯ ಹೆಸರಿಗೆ ಅಂಟಿಕೊಂಡಿರುವುದು. ಅದು ಸ್ಟಿಯರಿಂಗ್ ಹಿಂದಿನ ಸೀಟಿಗೆ ಅಂಟಬೇಕು. ಮಾಲೀಕನ ಒಪ್ಪಿಗೆಯಿಂದ, ಡಿಎಲ್ ಇಟ್ಟುಕೊಂಡು ಯಾರು ಓಡಿಸಿದರೂ ಅನ್ವಯಿಸಬೇಕು. ಎರಡನೆಯದು, ವಿನಾಯಿತಿಯ ಟಿಕ್. ಬೇರೆ ಪಾಲಿಸಿ ಇದೆ ಎನ್ನುವವರಿಂದ ಅದರ ಸಂಖ್ಯೆ, ಮುಗಿಯುವ ದಿನಾಂಕ ಕೇಳದೆ ಬಿಡಬಾರದು. ಇನ್ನು 2018ರ 15 ಲಕ್ಷ ಇಂದಿಗೂ 15 ಲಕ್ಷವೇ. ಅಂದಿನಿಂದ ಸಂಬಳ, ಮನೆ ಬಾಡಿಗೆ, ಆಸ್ಪತ್ರೆ ದರ ಎಲ್ಲಿಗೆ ಹೋಗಿವೆ ಎಂದು ಹೇಳಬೇಕಾಗಿಲ್ಲ.

ಕಂಪನಿ ಕ್ಲೇಮ್ ತಿರಸ್ಕರಿಸಿದರೆ?

ಕಾರಣವನ್ನು ಬರಹದಲ್ಲಿ ಪಡೆಯಿರಿ, ಫೋನಿನ ಮಾತು ಲೆಕ್ಕಕ್ಕಿಲ್ಲ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255ಕ್ಕೆ ಕರೆ ಮಾಡಿಯೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ಹೋಗಬೇಕು. ಇನ್ನೊಂದು ದಾರಿ ಜಿಲ್ಲಾ ಗ್ರಾಹಕ ಆಯೋಗ, ಅದಕ್ಕೆ ಎರಡು ವರ್ಷದ ಗಡುವು. ಎರಡು ಕಡೆಯೂ ಒಟ್ಟಿಗೆ ಹಾಕುವಂತಿಲ್ಲ, ಗ್ರಾಹಕ ಆಯೋಗದಲ್ಲಿ ಕೇಸಿದ್ದರೆ ಓಂಬುಡ್ಸ್‌ಮನ್ ಮುಟ್ಟುವುದಿಲ್ಲ.